ಕಾಕಾನ ಕಿವಿಯ ಜೊತೆ ಜರ್ಮನಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಡೈರಿಯ ಪ್ರಕಾರ ನಾವು ಆ ಊರು ಮುಟ್ಟಿದ ದಿನ ಮಳೆ ಹನಿಯುತ್ತಿತ್ತು. ಫೋನಿನಲ್ಲಿರುವ ಅದೇ ದಿನದ ಚಿತ್ರದಲ್ಲಿ ಆಕಾಶ ನಿಚ್ಚಳ ನೀಲಿ. ಡೈರಿ ಬರೆದವಳು ನಿದ್ದೆಗೆಟ್ಟಿದ್ದ ನಾನು. ಚಿತ್ರ ತೆಗೆದದ್ದು ಯಾರೂ ಕೇಳದಿದ್ದರೂ ಚಿತ್ರವನ್ನು ಚಂದ ಮಾಡಿಕೊಡುವ ಫೋನು. ಕಾಕಾನ ಹಣೆಯ ಮೇಲೆ ಕಲ್ಲಿನ ಚಕ್ಕೆ ಸಿಡಿದ ಹಳೆಯ ಕಲೆಯೊಂದಿದೆ. ಒಂದು ಚಿತ್ರದಲ್ಲಿ ಅದು ಕಾಣುತ್ತದೆ, ಇನ್ನೊಂದರಲ್ಲಿ ಅಳಿಸಿ ಹೋಗಿದೆ. ಹೀಗಾಗಿ ಇಬ್ಬರು ಸಾಕ್ಷಿಗಳನ್ನೂ ಪೂರ್ತಿ ನಂಬದೆ ಬರೆಯುತ್ತಿದ್ದೇನೆ. ಮುಖ್ಯವಾದ ಒಂದು ಸಂಗತಿ ಇಬ್ಬರಿಗೂ ಗೊತ್ತಿಲ್ಲ.

ವಾಡಿ ಜಂಕ್ಷನ್

ಕಾಕಾ ಅಂದರೆ ನನ್ನ ಅಪ್ಪನ ತಮ್ಮ, ಭೀಮಶಾ. ಶಹಾಬಾದ್ ಹತ್ತಿರದ ಒಂದು ಫರಸಿ ಅಡ್ಡೆಯಲ್ಲಿ, ಅಂದರೆ ಹಾಸುಗಲ್ಲು ಆರಿಸಿ ಮಾರುವ ಜಾಗದಲ್ಲಿ, ಮೂವತ್ತು ವರ್ಷದಿಂದ ಕಲ್ಲು ಬಾರಿಸುತ್ತಾರೆ. ಖಣಿಯಿಂದ ಬಂದ ಚಪ್ಪಡಿಯನ್ನು ಅಂಚಿಗೆ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ಮೂರು ಸಲ ತಟ್ಟಿ ಕೇಳುವುದು ಅವರ ಕೆಲಸ. ಕಣ್ಣಿಗೆ ಕಾಣದ ಒಡಕು ಕಿವಿಗೆ ಸಿಗುತ್ತದೆ. ಗಟ್ಟಿ ಕಲ್ಲು ಖಣ್ ಅನ್ನುತ್ತದೆ, ಒಳಗೆ ಬಿರಿದದ್ದು ಡಬ್ ಅನ್ನುತ್ತದೆ. ಇವೆರಡರ ನಡುವೆ ಇನ್ನೂ ಬಹಳ ಇವೆ ಎಂದು ಅವರು ಹೇಳುತ್ತಾರೆ, ನನಗೆ ಕೇಳಿಸುವುದಿಲ್ಲ. ಅವರು ಯಾವ ಕಲ್ಲನ್ನೂ ಕೆಟ್ಟದ್ದು ಅನ್ನುವುದಿಲ್ಲ. ಗಟ್ಟಿಯದು ತಲೆಯ ಮೇಲಿನ ಮಾಳಿಗೆಗೆ, ಆಮೇಲೆ ನೆಲಕ್ಕೆ, ಗೋಡೆಗೆ, ಬಚ್ಚಲಿಗೆ ಎಂದು ನಾಲ್ಕು ಕಡೆ ಕಳಿಸುತ್ತಾರೆ. ಸೇಡಂ, ಚಿತ್ತಾಪುರದ ಕಡೆ ಕಲ್ಲಿನ ಮಾಳಿಗೆಯ ಕೆಳಗೆ ಮಲಗುವ ಎಷ್ಟೋ ಜನ ಯಾರೋ ಒಬ್ಬರ ಕಿವಿಯನ್ನು ನಂಬಿ ಮಲಗಿರುತ್ತಾರೆ.

ನಾನು ಎಂ.ಎ. ಓದುತ್ತಿದ್ದೇನೆ. ಹೊಸ ಯಂತ್ರಗಳು ಬಂದಾಗ ಕೈಕೆಲಸದವರಿಗೆ ಏನಾಗುತ್ತದೆ ಎಂಬುದರ ಮೇಲೆ ನನ್ನ ಪ್ರಬಂಧ. ನಮ್ಮ ಮಾರ್ಗದರ್ಶಕರ ಮೂಲಕ ಜರ್ಮನಿಯ ಒಂದು ಪ್ರಯೋಗಾಲಯದಿಂದ ಪತ್ರ ಬಂತು. ನಮ್ಮ ಕಲ್ಲಿನಂತೆಯೇ ಪದರು ಪದರಾಗಿ ಏಳುವ ಸುಣ್ಣಕಲ್ಲು ಅಲ್ಲಿಯೂ ಸಿಗುತ್ತದಂತೆ. ಸದ್ದು ಕೇಳಿ ಕಲ್ಲನ್ನು ಆರಿಸುವ ಯಂತ್ರವೊಂದನ್ನು ಅವರು ಮಾಡುತ್ತಿದ್ದರು. ಅದಕ್ಕೆ ಕಲಿಸಲು ಪಳಗಿದ ಕಿವಿಗಳು ಬೇಕಿದ್ದವು. ಕಾಕಾ ಬಾರಿಸಿ ಹೇಳಬೇಕು, ಯಂತ್ರ ಕೇಳಿ ಕಲಿಯಬೇಕು, ನಡುವೆ ಇಂಗ್ಲಿಷಿನಲ್ಲಿ ನಾನು ದುಭಾಷಿ. ಯಂತ್ರ ತಯಾರಾದರೆ ನಮ್ಮ ಅಡ್ಡೆಗೇ ಮೊದಲು ತರಿಸುತ್ತೇನೆ ಎಂದು ಅಡ್ಡೆಯ ಮಾಲೀಕರು ಆಗಲೇ ಹೇಳಿದ್ದರು. ಕಾಕಾ ಸೇರಿ ಏಳು ಮಂದಿ ಅಲ್ಲಿ ಬಾರಿಸುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಕಾಕಾ ಯಾಕೆ ಒಪ್ಪಿದರು? ಕೇಳಿದ್ದಕ್ಕೆ, "ನಮ್ ಕಲ್ಲಿನ ಬೀಗರನ್ನ ನೋಡಿ ಬರ್ತೀನಿ" ಅಂದರು. ನಾನು ಯಾಕೆ ಒಪ್ಪಿದೆ ಎಂದು ಯಾರೂ ಕೇಳಲಿಲ್ಲ. ನನಗೆ ವಿದೇಶ ನೋಡಬೇಕಿತ್ತು. ಪ್ರಬಂಧಕ್ಕೆ ಒಂದು ಅಧ್ಯಾಯವೂ ಬೇಕಿತ್ತು.

ಹೈದರಾಬಾದಿನ ರೈಲು ಹತ್ತಿಸಲು ಕಾಕಿ ವಾಡಿಯವರೆಗೆ ಬಂದಿದ್ದರು. ಕಿಟಕಿಯಿಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಕೊಡುತ್ತ, "ಎಲ್ಲಾ ಕಲಿಸಿ ಬರಬ್ಯಾಡ್ರಿ. ಮನಿಗಿ ಜರಾ ಉಳಸ್ಕೊಂಡ್ ಬರ್ರಿ" ಅಂದರು.

"ಕಿವಿ ಬಿಚ್ಚಿ ಕೊಡ್ಲಿಕ್ ಬರ್ತದೇನ ಹುಚ್ಚಿ" ಎಂದು ಕಾಕಾ ನಕ್ಕರು.

ಈ ಮಾತು ನಡೆದದ್ದು ಪ್ಲಾಟ್‌ಫಾರ್ಮಿನಲ್ಲೋ ಮನೆಯ ಕಟ್ಟೆಯ ಮೇಲೋ, ಈಗ ಖಾತ್ರಿಯಿಲ್ಲ. ಮಾತು ಮಾತ್ರ ಇದೇ.

ವಿಮಾನ ಇಳಿದ ಊರು

ಗಾಜಿನ ಗೂಡಿನಲ್ಲಿದ್ದ ಅಧಿಕಾರಿ ಕಾಕಾನ ಬೆರಳುಗಳನ್ನು ಹಸಿರು ಬೆಳಕಿನ ಮೇಲೆ ಇಡಿಸಿದ. ಯಂತ್ರ ಒಪ್ಪಲಿಲ್ಲ. ಒರೆಸಿ ಇಡಿಸಿದ, ಒತ್ತಿ ಇಡಿಸಿದ, ಎಡಗೈ ಇಡಿಸಿದ. ಮೂವತ್ತು ವರ್ಷ ಕಲ್ಲು ತಿಕ್ಕಿದ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ. ನಮ್ಮೂರ ರೇಷನ್ ಅಂಗಡಿಯಲ್ಲೂ ಇದೇ ಕತೆ. ಅಲ್ಲಿ ಕಾಕಿಯ ಹೆಬ್ಬೆಟ್ಟಿಗೆ ಅಕ್ಕಿ ಬರುತ್ತದೆ, ಕಾಕಾನದಕ್ಕೆ ಬರುವುದಿಲ್ಲ. ಅಧಿಕಾರಿ ಮೇಲಿನವರನ್ನು ಕರೆಸಿದ. ಅವರು ಕಾಕಾನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನೋ ತಿಳಿದವರಂತೆ ತಲೆದೂಗಿ ಒಳಗೆ ಬಿಟ್ಟರು.

"ಅಲ್ಲೂ ನಾ ಇಲ್ಲ, ಇಲ್ಲೂ ನಾ ಇಲ್ಲ" ಅಂದರು ಕಾಕಾ. "ಹೆಬ್ಬಟ್ಟ ಬ್ಯಾಡಂತ, ಕಿವಿ ಬೇಕಂತ. ಹ್ಯಾಂತಾ ಮಂದಿ ಸುಮಿ ಇವರು?"

ಮುಂದಿನ ಮೇಜಿನಲ್ಲಿ ಶೇಂಗಾ ಹಿಂಡಿಯ ಡಬ್ಬಿ ತೆರೆಸಿದರು. ಒಬ್ಬ ಹೆಣ್ಣುಮಗಳು ಕೈಗವಸು ಹಾಕಿಕೊಂಡು ಮೂಸಿ ನೋಡಿ, ಸೀನಿ, ಮುಚ್ಚಳ ಹಾಕಿ ವಾಪಸ್ ಕೊಟ್ಟಳು. ಆ ದೇಶದಲ್ಲಿ ಯಾವುದೇ ಪರೀಕ್ಷೆ ಒಂದೇ ಸಲಕ್ಕೆ ಮುಗಿದದ್ದು ಇದೊಂದೇ.

ಕಲ್ಲು ಹೊದಿಸಿದ ಊರು

ಎರಡು ರೈಲು ಬದಲಿಸಿ ಆಲ್ಟ್‌ಮ್ಯೂಲ್ ಎಂಬ ಸಣ್ಣ ನದಿಯ ಕಣಿವೆಗೆ ಬಂದೆವು. ನದಿ ನಮ್ಮ ಕಾಗಿಣಾಕ್ಕಿಂತ ಕಿರಿದು, ನೀರು ನಿಂತಂತೆ ಹರಿಯುತ್ತದೆ. ಮಳೆ ಹನಿಯುತ್ತಿತ್ತೋ ಆಕಾಶ ನೀಲಿಯಾಗಿತ್ತೋ, ಮೊದಲೇ ಹೇಳಿದೆನಲ್ಲ. ಹಳೆಯ ಮನೆಗಳ ಮೇಲೆ ಹೆಂಚಿರಲಿಲ್ಲ. ತೆಳು ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಹೊದಿಸಿದ್ದರು.

ಕಾಕಾ ರಸ್ತೆಯ ನಡುವೆಯೇ ನಿಂತರು. "ಏ ಸುಮಿ, ಇದು ನಮ್ ಮಾಳಿಗಿನೇ ಅಲಾ?"

ನಮ್ಮ ಮಾಳಿಗೆ ಸಪಾಟು, ಮೇಲೆ ಮೆಣಸಿನಕಾಯಿ ಒಣಹಾಕಬಹುದು. ಇಲ್ಲಿನದು ಇಳಿಜಾರು, ಹಿಮ ಜಾರಬೇಕು. ಅಷ್ಟೇ ವ್ಯತ್ಯಾಸ. ಕಾಕಾ ಒಂದು ಕಾಂಪೌಂಡು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಮನೆಯೊಡತಿ ಕಿಟಕಿ ತೆರೆದು, ಬಾಗಿಲು ತಟ್ಟಿದರೆಂದು ತಿಳಿದು, ಏನು ಬೇಕು ಎಂದು ಕೇಳಿದಳು. ನಾನು ಕ್ಷಮೆ ಕೇಳುತ್ತಿದ್ದರೆ ಕಾಕಾ ಅವಳಿಗೆ ಕೈಮುಗಿದು, "ಛಲೋ ಅದರಿ ಕಲ್ಲು" ಅಂದರು.

ಅಂಗಡಿಯೊಂದರ ಒಳಗೆ ಖಾಲಿ ಬಾಟಲಿ ನುಂಗಿ ದುಡ್ಡು ವಾಪಸ್ ಕೊಡುವ ಯಂತ್ರವಿತ್ತು. ಜನ ಚೀಲ ತುಂಬ ಬಾಟಲಿ ತಂದು ಸಾಲಿನಲ್ಲಿ ನಿಲ್ಲುತ್ತಾರೆ, ಒಂದೊಂದಾಗಿ ಅದರ ಬಾಯಿಗಿಡುತ್ತಾರೆ. ಕಾಕಾ ಹೈದರಾಬಾದಿನಿಂದ ಹಿಡಿದುಕೊಂಡೇ ಬಂದಿದ್ದ ನೀರಿನ ಬಾಟಲಿಯನ್ನು ಇಟ್ಟರು. ಯಂತ್ರ ಅದನ್ನು ಗರಗರ ತಿರುಗಿಸಿ ನೋಡಿ ವಾಪಸ್ ತಳ್ಳಿತು. ಎರಡು ಸಲ ಇಟ್ಟರೂ ಅಷ್ಟೇ. "ಇದಕ್ಕೂ ನಮ್ ಗುರ್ತ ಸಿಗವಲ್ದು" ಎಂದರು. ಹಿಂದೆ ನಿಂತಿದ್ದವರು ನಗಲಿಲ್ಲ, ಗೊಣಗಲಿಲ್ಲ. ಸುಮ್ಮನೆ ಕಾದರು. ನಮ್ಮ ಕಡೆಯಾದರೆ ಅಷ್ಟರಲ್ಲಿ ನಾಲ್ಕು ಜನ ಮುಂದೆ ಬಂದು ಯಂತ್ರಕ್ಕೆ ಗುದ್ದಿ ನೋಡಿರುತ್ತಿದ್ದರು. ಆ ಮೌನ ನನಗೆ ಸಭ್ಯತೆ ಅನ್ನಿಸಬೇಕಿತ್ತು. ಇವರು ಯಂತ್ರದ ಮಾತನ್ನು ಇಷ್ಟು ಬೇಗ ಒಪ್ಪುವುದನ್ನು ಎಲ್ಲಿ ಕಲಿತರು ಎಂಬ ಅನುಮಾನವೇ ಮೊದಲು ಬಂತು.

ಮೊದಲ ದಿನ

ಪ್ರಯೋಗಾಲಯ ಅಂದರೆ ಹಳೆಯ ಕಲ್ಲಿನ ಕೊಟ್ಟಿಗೆ, ಒಳಗೆ ಹೊಸ ದೀಪ. ನಮ್ಮನ್ನು ನೋಡಿಕೊಂಡವಳು ಕಾತ್ರಿನ್ ಎಂಬ ಸಂಶೋಧಕಿ. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಕಾಕಾನಿಗೆ ಕುರ್ಚಿ ಎಳೆದು ಕೊಟ್ಟಳು, ಚಹಾ ತಾನೇ ಮಾಡಿ ತಂದಳು, ಅವರ ಹೆಸರನ್ನು ಮೂರು ಸಲ ಹೇಳಿ ಕಲಿತಳು. ಇಷ್ಟು ಒಳ್ಳೆಯವಳಾಗಿರುವುದಕ್ಕೆ ಕಾರಣವೇನು ಎಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಓದಲು ಈಗ ನಾಚಿಕೆಯಾಗುತ್ತದೆ. ಆದರೆ ಹೊಡೆದುಹಾಕಿಲ್ಲ.

ಮೇಜಿನ ಮೇಲೆ ಎರಡು ಗುಂಡಿಗಳಿದ್ದವು, ಹಸಿರು ಮತ್ತು ಕೆಂಪು. ಕಾಕಾ ಬಾರಿಸಿ ಹೇಳಬೇಕು, ನಾನು ಒತ್ತಬೇಕು. ನಾಲ್ಕು ಬಗೆ ಇವೆ ಎಂದು ನಾನು ಹೇಳಿದೆ. ಕಾತ್ರಿನ್ ತುಸು ಯೋಚಿಸಿ, ಸದ್ಯಕ್ಕೆ ಎರಡೇ ಸಾಧ್ಯ, ನೀವೇ ಹೊಂದಿಸಿ ಅಂದಳು. ಮಾಳಿಗೆ ಮತ್ತು ನೆಲ ಹಸಿರು, ಗೋಡೆ ಮತ್ತು ಬಚ್ಚಲು ಕೆಂಪು ಎಂದು ನಿರ್ಧರಿಸಿದೆ. ಕಾಕಾನ ಮೂವತ್ತು ವರ್ಷವನ್ನು ಎರಡು ಗುಂಡಿಗೆ ಇಳಿಸಲು ನನಗೆ ಐದು ನಿಮಿಷ ಹಿಡಿಯಿತು. ಕಾಕಾನನ್ನು ಕೇಳಿದೆನೇ? ನೆನಪಿಲ್ಲ. ಕೇಳಿರಲಿಕ್ಕಿಲ್ಲ.

ಮೊದಲ ಕಲ್ಲು ನಿಲ್ಲಿಸಿದರು. ಕಾಕಾ ಸುತ್ತಿಗೆ ಎತ್ತಲಿಲ್ಲ.

"ಇದು ಯಾರ ಮನಿಗಿ?" ಎಂದು ಕೇಳಿದರು.

ಅಡ್ಡೆಯಲ್ಲಿ ಇದು ರೂಢಿ. ಯಾರ ಮನೆ, ಕೆಳಗೆ ಯಾರು ಮಲಗುತ್ತಾರೆ ಎಂದು ಕೇಳದೆ ಯಾವ ಬಾರಿಸುವವನೂ ಕಲ್ಲು ಮುಟ್ಟುವುದಿಲ್ಲ. ಬಾಣಂತಿ ಇರುವ ಮನೆಗೆ ಒಂದು ಕಿವಿ, ದನದ ಕೊಟ್ಟಿಗೆಗೆ ಒಂದು ಕಿವಿ ಎನ್ನುತ್ತಾರೆ. ನಾನು ಕಾತ್ರಿನ್‌ಗೆ ಹೇಳಿದೆ. ಅವಳು ನಗುತ್ತ, ಯಾರ ಮನೆಗೂ ಅಲ್ಲ, ಸದ್ದು ಮುದ್ರಿಸಿಕೊಂಡ ಮೇಲೆ ಕಲ್ಲನ್ನು ಹೊರಗೆ ರಾಶಿ ಹಾಕುತ್ತೇವೆ ಅಂದಳು. ಅದನ್ನು ಹಾಗೇ ಹೇಳಿದ್ದರೆ ಕಾಕಾ ಸುತ್ತಿಗೆ ಕೆಳಗಿಡುತ್ತಿದ್ದರು ಎಂದು ನನಗೆ ಅನ್ನಿಸಿತು.

"ಈಕಿ ಮನಿಗೇ ಕಾಕಾ" ಎಂದೆ. "ಹೊಸಾ ಮನಿ ಕಟ್ಸಲಿಕತ್ತಾಳ."

"ಮಕ್ಕಳವ?"

"ಎರಡವ."

ಕಾಕಾ ಕಾತ್ರಿನ್ ಕಡೆ ನೋಡಿ ತಲೆಯಾಡಿಸಿ ಬಾರಿಸಲು ಶುರು ಮಾಡಿದರು. ಕಾತ್ರಿನ್‌ಗೆ ಮಕ್ಕಳಿಲ್ಲ. ಅವಳು ಬಾಡಿಗೆಯ ಕೋಣೆಯಲ್ಲಿರುತ್ತಾಳೆ.

ಆ ದಿನದ ಒಂದು ಕಲ್ಲು ನನಗೆ ಚೆನ್ನಾಗಿ ನೆನಪಿದೆ. ಬಲ ಮೂಲೆಯಲ್ಲಿ ಜರಿ ಗಿಡದ ಎಲೆಯಂತೆ ಕಪ್ಪು ಗುರುತು ಹರಡಿಕೊಂಡಿತ್ತು. ನೋಡಲು ಅದೇ ಎಲ್ಲಕ್ಕಿಂತ ಚಂದ. ಕಾಕಾ ಮೂರು ಸಲ ತಟ್ಟಿ, ನಾಲ್ಕನೆಯ ಸಲವೂ ತಟ್ಟಿದರು. "ಇದನ್ನ ಮಾಳಿಗಿಗಿ ಹಾಕಬ್ಯಾಡಂತ ಹೇಳು ಆಕಿಗಿ. ಕೂಸುಗಳವ. ಬಚ್ಚಲಕ್ ಹಾಕ್ಲಿ." ನಾನು ಕೆಂಪು ಒತ್ತಿದೆ. ಚಿತ್ರವನ್ನೂ ತೆಗೆದುಕೊಂಡೆ.

ಎರಡನೆಯ ದಿನ

ಈ ದಿನ ಕಾತ್ರಿನ್ ಯಂತ್ರವನ್ನೇ ಕೇಳಿಸಿದಳು. ಸಣ್ಣ ಕಬ್ಬಿಣದ ತೋಳು ಕಲ್ಲನ್ನು ಒಂದೇ ಸಲ ತಟ್ಟುತ್ತದೆ, ಪರದೆಯ ಮೇಲೆ ಬಣ್ಣ ಮೂಡುತ್ತದೆ. ಹತ್ತು ಕಲ್ಲು ಹೇಳಿತು. ಕಾಕಾ ಹಿಂದೆಯೇ ಬಾರಿಸುತ್ತ ಬಂದರು. ಒಂಬತ್ತರಲ್ಲಿ ಇಬ್ಬರದೂ ಒಂದೇ ಮಾತು.

ಕಾಕಾ ಯಂತ್ರದ ತೋಳನ್ನು ಮುಟ್ಟಿ ನೋಡಿದರು. "ಜಾಣ ಅದ" ಅಂದರು. ಆಮೇಲೆ, "ಶಹಾಬಾದಕ್ ಇದೇ ಬರ್ತದೇನು ಕೇಳು."

ಕಾತ್ರಿನ್ ಸುಳ್ಳು ಹೇಳಲಿಲ್ಲ. ಇದೇ ಬರುತ್ತದೆ, ಪ್ರಾಯಶಃ ಮುಂದಿನ ವರ್ಷ ಅಂದಳು. ಬಾರಿಸುವವರು ಬೇರೆ ಒಳ್ಳೆಯ ಕೆಲಸ ಮಾಡಬಹುದು, ಕಿವಿಗೆ ಸದ್ದಿನ, ಎದೆಗೆ ಧೂಳಿನ ತ್ರಾಸ ತಪ್ಪುತ್ತದೆ ಎಂದೂ ಹೇಳಿದಳು. ನಾನು ಮೊದಲರ್ಧವನ್ನು ಕಾಕಾನಿಗೆ ಹೇಳಿದೆ. ಎರಡನೆಯ ಅರ್ಧ ಹೇಳಿದೆನೇ? ಡೈರಿಯಲ್ಲಿ ಕಾತ್ರಿನ್ ಹೇಳಿದ್ದು ಇದೆ, ನಾನು ಹೇಳಿದ್ದು ಇಲ್ಲ. ಹೇಳಿದ್ದರೂ 'ಬೇರೆ ಒಳ್ಳೆಯ ಕೆಲಸ' ಯಾವುದು ಎಂದು ಕಾಕಾ ಕೇಳಿಯೇ ಕೇಳುತ್ತಿದ್ದರು. ನನ್ನ ಇಡೀ ಪ್ರಬಂಧದಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ.

ಅಂದು ಕಾಕಾ ಅಲ್ಲಿನ ಕಪ್ಪು ಬ್ರೆಡ್ಡಿಗೆ ರೊಟ್ಟಿಗೆ ಹಚ್ಚಿದಂತೆ ಹಿಂಡಿ ಹಚ್ಚಿಕೊಂಡು ಉಂಡರು.

ಭಾನುವಾರ

ಅಂಗಡಿಗಳೆಲ್ಲ ಮುಚ್ಚಿದ್ದವು. ಇಡೀ ಊರು ಬಂದ್ ಮಾಡಿದಂತಿತ್ತು, ಆದರೆ ಯಾರಿಗೂ ಸಿಟ್ಟಿರಲಿಲ್ಲ. ಕಾತ್ರಿನ್ ನಮ್ಮನ್ನು ಖಣಿಗೆ ಕರೆದುಕೊಂಡು ಹೋದಳು. ಅಲ್ಲಿ ಯೋಸೆಫ್ ಎಂಬ ಮುದುಕ ಕಾಯುತ್ತಿದ್ದ. ಜೀವಮಾನವೆಲ್ಲ ಅಲ್ಲಿ ಕಲ್ಲು ಸೀಳಿದವನು. ಅವನ ಭಾಷೆ ಕಾತ್ರಿನ್‌ಗೇ ಪೂರ್ತಿ ತಿಳಿಯುತ್ತಿರಲಿಲ್ಲ. ಕಾಕಾ ಮತ್ತು ಅವನ ನಡುವೆ ನಾನು ನನ್ನ ಫೋನು ಹಿಡಿದೆ. ಅದು ಜರ್ಮನ್ ಕೇಳಿ ಕನ್ನಡ ನುಡಿಯುತ್ತದೆ, ವಾರ್ತೆ ಓದುವವರ ಕನ್ನಡ. "ತಾವು ಎಷ್ಟು ವರ್ಷಗಳಿಂದ ಈ ವೃತ್ತಿಯಲ್ಲಿದ್ದೀರಿ?" ಎಂದಿತು.

ಕಾಕಾ ಫೋನಿಗೇ ಬಾಗಿ ಉತ್ತರಿಸಿದರು. "ಮೂವತ್ತ ಆತ್ರಿ ಮೇಡಂ." ನನ್ನ ಕಡೆ ತಿರುಗಿ, "ಈಕಿ ನಮ್ ಕಡೀಕಿ ಅಲ್ಲ. ನೌಕ್ರಿ ಮ್ಯಾಲ ಬಂದಾಕಿ."

ಹತ್ತು ನಿಮಿಷದಲ್ಲಿ ಇಬ್ಬರೂ ಫೋನು ಬಿಟ್ಟರು. ಯೋಸೆಫ್ ಒಂದು ಕಲ್ಲು ತಟ್ಟಿ ಹುಬ್ಬೇರಿಸಿದ. ಕಾಕಾ ತಟ್ಟಿ ತಲೆಯಾಡಿಸಿದರು. ಯೋಸೆಫ್ ಬೇರೊಂದನ್ನು ತಂದ. ಕಾಕಾ ಒಂದೇ ಪೆಟ್ಟಿಗೆ ಅದರ ಒಂದು ಜಾಗಕ್ಕೆ ಬೆರಳಿಟ್ಟರು. ಯೋಸೆಫ್ ಉಳಿ ಹಾಕಿ ಸೀಳಿದ. ಬೆರಳಿಟ್ಟಲ್ಲಿಯೇ ಒಡಕಿತ್ತು. ಮುದುಕ ಕಾಕಾನ ಬೆನ್ನಿಗೆ ಎಷ್ಟು ಜೋರಾಗಿ ಬಡಿದನೆಂದರೆ ಕಾಕಾ ಒಂದು ಹೆಜ್ಜೆ ಮುಂದಕ್ಕೆ ಹೋದರು. ಯೋಸೆಫ್ ಕಾತ್ರಿನ್‌ಗೆ ಏನೋ ಹೇಳಿ ನಕ್ಕ. ಏನು ಎಂದು ಕೇಳಿದೆ. ನಿನ್ನ ಯಂತ್ರವನ್ನು ಇವನಿಗೆ ಮದುವೆ ಮಾಡಿಕೊಡು, ಮಕ್ಕಳಾದರೂ ಜಾಣರಾಗುತ್ತಾರೆ ಎಂದನಂತೆ.

ವಾಪಸ್ ನದಿಯ ದಂಡೆಯ ಮೇಲೆ ನಡೆಯುತ್ತಿದ್ದಾಗ ಹಿಂದಿನಿಂದ ಸೈಕಲ್ ಗಂಟೆ ಕೇಳಿತು. ನಾನು ಸರಿದೆ. ಕಾಕಾ ಸರಿಯಲಿಲ್ಲ. ಗಂಟೆ ಮತ್ತೆ ಕೇಳಿತು, ಎಡಗಡೆಯಿಂದ. ಕಾಕಾ ಹಾಗೇ ನಡೆಯುತ್ತಿದ್ದರು. ನಾನು ರಟ್ಟೆ ಹಿಡಿದು ಎಳೆದೆ. ಸೈಕಲ್ಲಿನವಳು ಅವರ ತೊಡೆಗೆ ಸವರಿಕೊಂಡೇ ಹೋದಳು.

"ಕೇಳಲಿಲ್ಲೇನ್ರಿ ಕಾಕಾ?"

"ಕಲ್ಲಿಂದೇ ವಿಚಾರ ಮಾಡ್ಕೋತ ಹೊಂಟಿದ್ದೆ" ಅಂದರು.

ಇರಬಹುದು. ಮನುಷ್ಯ ವಿಚಾರದಲ್ಲಿ ಮುಳುಗಿದಾಗ ಗಂಟೆ ಕೇಳಿಸುವುದಿಲ್ಲ. ಆದರೆ ಆ ಮೇಲೆ ನಾನು ಅವರ ಎಡಗಡೆ ನಡೆಯುತ್ತ ಎರಡು ಸಲ ಮೆಲ್ಲಗೆ ಮಾತಾಡಿ ನೋಡಿದೆ. ಒಂದಕ್ಕೆ ಉತ್ತರ ಬಂತು, ಇನ್ನೊಂದಕ್ಕೆ ಬರಲಿಲ್ಲ. ನನ್ನ ಕಾಕಾನನ್ನೇ ಕಲ್ಲಿನಂತೆ ಬಾರಿಸಿ ನೋಡಿದ್ದು ಅದೇ ಮೊದಲು.

ಕೊನೆಯ ದಿನ

ಸೋಮವಾರ ಕಾತ್ರಿನ್ ನಲವತ್ತು ಕಲ್ಲು ಸಾಲಾಗಿ ಜೋಡಿಸಿಟ್ಟಿದ್ದಳು. ಎಂದಿನಂತೆ ಕಾಕಾ ಕೇಳಿದರು, "ಇವು ಯಾರ ಮನಿಗಿ?"

ಖಣಿಯಲ್ಲಿ ಅವರ ಬೆರಳು ಒಡಕಿನ ಮೇಲೆ ಬಿದ್ದದ್ದನ್ನು ನೋಡಿದ ಮೇಲೆ ಅವರಿಗೆ ಇನ್ನೊಂದು ಸುಳ್ಳು ಮನೆ ಕಟ್ಟಿಕೊಡಲು ನನಗೆ ಮನಸ್ಸಾಗಲಿಲ್ಲ. "ಯಾರ ಮನಿಗೂ ಅಲ್ರಿ ಕಾಕಾ" ಎಂದೆ. "ಮೊದ್ಲಿನವೂ ಅಲ್ಲ. ಯಂತ್ರ ಕಲೀಲಿಕ್ ಅಷ್ಟೇ."

ಅವರು ಸಿಟ್ಟಾಗಲಿಲ್ಲ. "ಹೂಂ" ಅಂದರು. ಸುತ್ತಿಗೆ ತೆಗೆದುಕೊಂಡರು.

ಆ ದಿನ ಬೇಗ ಬೇಗ ಬಾರಿಸಿದರು. ಮಾಳಿಗಿಗಿ. ಮಾಳಿಗಿಗಿ. ನೆಲಕ್. ಮಾಳಿಗಿಗಿ. ನಾನು ಹಸಿರು ಒತ್ತುತ್ತ ಹೋದೆ. ಹದಿನೇಳನೆಯದೋ ಹದಿನೆಂಟನೆಯದೋ ಬಲ ಮೂಲೆಯಲ್ಲಿ ಜರಿ ಎಲೆಯ ಗುರುತಿನ ಕಲ್ಲು. ನೋಡಿದ ಕೂಡಲೇ ಗುರುತಿಸಿದೆ, ಅಥವಾ ಗುರುತಿಸಿದೆ ಎಂದುಕೊಂಡೆ. ಹಳೆಯ ಕಲ್ಲುಗಳನ್ನು ಹೇಳದೆ ನಡುವೆ ಸೇರಿಸಿ ಪರೀಕ್ಷಿಸುವುದು ಇಂಥ ಕಡೆ ರೂಢಿ ಎಂದು ನಾನೇ ಪ್ರಬಂಧದಲ್ಲಿ ಬರೆದಿದ್ದೇನೆ. ಕಾಕಾ ತಟ್ಟಿದರು. ನನ್ನ ದಡ್ಡ ಕಿವಿಗೂ ಅದು ಡಬ್ ಎಂದಿತು.

"ಮಾಳಿಗಿಗಿ" ಅಂದರು ಕಾಕಾ.

ನನ್ನ ಬೆರಳು ಗುಂಡಿಯ ಮೇಲೆ ನಿಂತಿತು. ಕಾತ್ರಿನ್ ಪರದೆ ನೋಡುತ್ತಿದ್ದಳು. ಕಾಕಾ ನನ್ನನ್ನು ನೋಡಲಿಲ್ಲ, ಮುಂದಿನ ಕಲ್ಲಿಗೆ ನಡೆದರು. ನಾನು ಹಸಿರು ಒತ್ತಿದೆ.

ಚಹಾದ ಹೊತ್ತಿಗೆ ಆ ಕಲ್ಲಿನ ಚಿತ್ರ ತೆಗೆದೆ. ವಸತಿಗೆ ಬಂದು ಮೊದಲ ದಿನದ ಚಿತ್ರದ ಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಎಲೆಗೆ ಐದು ಕವಲು, ಇನ್ನೊಂದರಲ್ಲಿ ಏಳು. ಎರಡು ಬೇರೆ ಕಲ್ಲುಗಳೋ, ಒಂದೇ ಕಲ್ಲನ್ನು ಫೋನು ತನಗೆ ತೋಚಿದಂತೆ ತಿದ್ದಿತೋ? ಆ ಕಣಿವೆಯ ಕಲ್ಲಿನಲ್ಲಿ ಇಂಥ ಗುರುತು ಬೇಕಾದಷ್ಟು ಇರುತ್ತವೆ ಎಂದು ಆಮೇಲೆ ತಿಳಿಯಿತು. ಕಾತ್ರಿನ್‌ಳನ್ನು ಕೇಳಬಹುದಿತ್ತು. ಅವಳು ನಿಜ ಹೇಳಿಬಿಡುತ್ತಾಳೆ ಎಂಬ ಭಯಕ್ಕೆ ಕೇಳಲಿಲ್ಲ.

ಶಹಾಬಾದ್

ವಾಪಸ್ ಬಂದು ಎರಡು ತಿಂಗಳಿಗೆ ಕಾತ್ರಿನ್‌ಳಿಂದ ಪತ್ರ ಬಂತು. ಬಹಳ ಸೌಜನ್ಯದ ಪತ್ರ. ಕೊನೆಯ ದಿನದ ನಲವತ್ತು ಕಲ್ಲುಗಳಲ್ಲಿ ಭೀಮಶಾ ಅವರ ತೀರ್ಪು ಹಿಂದಿನ ದಿನಗಳಿಗೆ ತಾಳೆಯಾಗುತ್ತಿಲ್ಲ. ಯಂತ್ರಕ್ಕೆ ಅವನ್ನು ಕಲಿಸಬೇಕೋ ಬಿಡಬೇಕೋ? ಅವರ ಜೊತೆ ಇದ್ದವರು ನೀವು, ಕಾರಣ ನಿಮಗೆ ಗೊತ್ತಿದ್ದರೆ ಒಂದು ಸಾಲು ಬರೆಯಿರಿ. ಅಡ್ಡೆಯ ಮಾಲೀಕರಿಗೂ ಪ್ರತಿ ಹಾಕಿದ್ದಾಳೆ, ಯಂತ್ರ ಅವರಲ್ಲಿಗೇ ಬರುವುದರಿಂದ.

ಆ ಒಂದು ಸಾಲು ನನ್ನಿಂದ ಬರೆಯಲಾಗಿಲ್ಲ. ಬಿಡಿ ಎಂದು ಬರೆದರೆ ಕಾರಣ ಕೊಡಬೇಕು. ಕಿವಿ ಮಂದವಾಗಿದೆ ಎಂದರೆ ನಾಳೆಯಿಂದ ಕಾಕಾನ ಸುತ್ತಿಗೆ ಯಾರೂ ನಂಬುವುದಿಲ್ಲ, ಯಂತ್ರ ಬರುವ ಮೊದಲೇ ಅವರು ಮನೆಗೆ. ಬೇಕೆಂದೇ ತಪ್ಪು ಹೇಳಿದರು ಎಂದರೆ ಮಾಲೀಕರು ಏಳೂ ಜನರನ್ನು ಮನೆಗೆ ಕಳಿಸುತ್ತಾರೆ. ಇಟ್ಟುಕೊಳ್ಳಿ ಎಂದು ಬರೆದರೆ, ನಾನು ಹಸಿರು ಒತ್ತಿದ ಆ ಸದ್ದು ಕೇಳಿದಾಗೆಲ್ಲ ಯಂತ್ರ ಮಾಳಿಗೆಗೆ ಎನ್ನುತ್ತದೆ, ಸೇಡಮಿನಲ್ಲೋ ಚಿಂಚೋಳಿಯಲ್ಲೋ ಯಾರದೋ ತಲೆಯ ಮೇಲೆ. ಮೂರನೆಯ ಸಾಧ್ಯತೆಯೂ ಇದೆ. ಯಾರ ಮನೆಯೂ ಅಲ್ಲ ಎಂದ ಮೇಲೆ ಯಾವ ಕಲ್ಲಾದರೇನು ಎಂದು ಅವರು ಬಾಯಿಗೆ ಬಂದದ್ದು ಹೇಳಿರಬಹುದು. ಆಗ ತಪ್ಪು ನನ್ನದು, ಒಮ್ಮೆ ಸುಳ್ಳು ಹೇಳಿ ಇನ್ನೊಮ್ಮೆ ನಿಜ ಹೇಳಿದ್ದಕ್ಕೆ.

ಮೂರು ವಾರದ ಹಿಂದೆ ಅಡ್ಡೆಗೆ ಹೋದೆ. ಊಟದ ಹೊತ್ತು. ಕಾಕಾ ಫರಸಿಯ ಅಟ್ಟಿಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದರು. "ಬಾ ಅವ್ವಿ, ಕುಂದ್ರು. ಉಂಡಿ?" ಅಂದರು. ನಾನು ನೋಡಿಕೊಂಡೇ ಅವರ ಬಲಗಡೆ ಕೂತೆ. ಪತ್ರ ಓದಿ ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದೆ. ನನ್ನ ಮಾತು ಅವರಿಗೆ ಮುಟ್ಟಿತು, ಅದರಲ್ಲಿ ಅನುಮಾನವಿಲ್ಲ. ರೊಟ್ಟಿ ಮುರಿಯುವ ಕೈ ನಿಂತಿತು. ಅಷ್ಟರಲ್ಲಿ ಲಾರಿ ಬಂತು, ಅವರು ಕೈತೊಳೆದು ಎದ್ದು ಹೋದರು. ಆಮೇಲೆ ಎರಡು ಸಲ ಸಿಕ್ಕಿದ್ದಾರೆ. ನನ್ನ ಓದು, ಕಾಕಿಯ ಮಂಡಿನೋವು, ಯೋಸೆಫನ ಕ್ಷೇಮ ಎಲ್ಲವೂ ಮಾತಿಗೆ ಬಂದವು. ಅದೊಂದು ಬರಲಿಲ್ಲ. ಕಾತ್ರಿನ್‌ಗೆ ನಾನಿನ್ನೂ ಬರೆದಿಲ್ಲ.

ಅಂದು ಅಡ್ಡೆಯಲ್ಲಿ ನಾನು ಕೇಳಿದ್ದು ಇಷ್ಟೇ: "ಕಾಕಾ, ಆ ಕಲ್ಲಿನಾಗಿನ ಒಡಕು ನಿಮಗ ಕೇಳ್ಸಿತ್ತೇನ್ರಿ?"